ಕ್ರೀಡಾಮೂಷಕ ಲಕ್ಷಣದೀಪಿಕೆ (ಏಕಸೂತ್ರಾತ್ಮಕ, ಸಟೀಕ)

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದೆ ಹೋಗುವಂತಿಲ್ಲ. ಈ ಗ್ರಂಥದ ವಿಷಯ ಗೇಮಿಂಗ್ ಮೌಸ್. ಅಧಿಕಾರಿ, ಎಂದರೆ ಇದನ್ನು ಓದಲು ಅರ್ಹನಾದವನು, ರಾತ್ರಿ ಒಂದೂವರೆಗೆ ‘ಇದೇ ಕೊನೇ ಮ್ಯಾಚು’ ಎಂದವನು ಮತ್ತು ಮೂರು ಗಂಟೆಗೂ ಅದನ್ನೇ ಹೇಳುತ್ತಿರುವವನು. ಸಂಬಂಧ ಎರಡು ಬಗೆ: ಮೌಸಿಗೂ ಮೇಜಿಗೂ ಇರುವುದು ಸಂಯೋಗ, ಬೇಕಾದಾಗ ಬಿಡಿಸಬಹುದು, ಕೊಂಡವನಿಗೂ ಇಎಂಐಗೂ ಇರುವುದು ಸಮವಾಯ, ಬಿಡಿಸಲು ಬರುವುದಿಲ್ಲ. ಇನ್ನು ಪ್ರಯೋಜನ. ಪೂರ್ವಪಕ್ಷಿಗಳು ‘ಗೆಲುವು’ ಎನ್ನುತ್ತಾರೆ. ಅದು ಸಲ್ಲದು. ಗೆದ್ದವನು ‘ನೋಡಿದ್ಯಾ ನನ್ ಏಮು’ ಎನ್ನುತ್ತಾನೆಯೇ ಹೊರತು ಮೌಸಿನ ಹೆಸರೆತ್ತುವುದಿಲ್ಲ. ಮೌಸನ್ನು ಮಗುಚಿ ಅದರ ಹೊಟ್ಟೆ ನೋಡುವವನು ಸೋತವನು ಮಾತ್ರ. ಆದ್ದರಿಂದ ಸೋಲಿನ ಹೊಣೆ ಹೊರುವುದೇ ಗೇಮಿಂಗ್ ಮೌಸಿನ ಪರಮ ಪ್ರಯೋಜನವೆಂದು ಸಿದ್ಧಾಂತ. ಇದಕ್ಕೆ ನೆಲಡೊಂಕು ನ್ಯಾಯವೆಂದು ಹೆಸರು. ಕುಣಿಯಲಾರದವಳಿಗೆ ನೆಲ ಎಷ್ಟು ಡೊಂಕೆಂದು ಅಳೆದು ತೋರಿಸುವ ಸಾಫ್ಟ್‌ವೇರ್ ಇರಲಿಲ್ಲ, ಪಾಪ. ನಮಗಿದೆ.

ಈಗ ಗುರುಪರಂಪರೆ. ಆದಿಗುರು ಡಗ್ಲಸ್ ಎಂಗೆಲ್‌ಬಾರ್ಟ್. ಅವರು ಹೇಳಿದ್ದನ್ನು ಕೈಯಾರೆ ಕಟ್ಟಿದವರು ಬಿಲ್ ಇಂಗ್ಲಿಷ್. ಸ್ಥಳ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್, ಕಾಲ 1964. ಮರದ ತುಂಡು, ಅಡಿಯಲ್ಲಿ ಒಂದಕ್ಕೊಂದು ಅಡ್ಡಲಾಗಿ ಎರಡು ಲೋಹದ ಚಕ್ರ, ತಲೆಯ ಮೇಲೆ ಒಂದೇ ಒಂದು ಗುಂಡಿ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತುಂಬಿದ ಸಭೆಯೆದುರು ಅದರ ಪ್ರದರ್ಶನವಾಯಿತು. 1970ರಲ್ಲಿ ಪೇಟೆಂಟ್ ಬಂತು. ಗುರುದಕ್ಷಿಣೆ ಮಾತ್ರ ಬರಲಿಲ್ಲ. ಕೋಟಿಗಟ್ಟಲೆ ಮಾರಾಟವಾದ ಈ ವಸ್ತುವಿನಿಂದ ಎಂಗೆಲ್‌ಬಾರ್ಟರಿಗೆ ರಾಯಲ್ಟಿಯೆಂದು ಒಂದು ಕಾಸೂ ಹುಟ್ಟಲಿಲ್ಲ. ಬಣ್ಣದ ಲೈಟು ಹಾಕಿಸುವುದು ಅವರಿಗೆ ಹೊಳೆಯದೇ ಹೋದದ್ದೇ ಇದಕ್ಕೆ ಕಾರಣವೆಂದು ನವ್ಯರ ಮತ.

ಆಮೇಲೆ ಚೆಂಡುಯುಗ. ನಮ್ಮ ಊರುಗಳ ಸೈಬರ್ ಕೆಫೆಗಳಲ್ಲಿ ಕೌಂಟರ್ ಸ್ಟ್ರೈಕ್ ಆಡಿದ ತಲೆಮಾರಿಗೆ ಇದರ ವಿವರ ಬೇಡ. ಹೊಟ್ಟೆಯ ಮುಚ್ಚಳ ತಿರುಗಿಸಿ, ರಬ್ಬರು ಹೊದೆಸಿದ ಚೆಂಡನ್ನು ಅಂಗೈಗೆ ಬೀಳಿಸಿ, ಒಳಗಿನ ಪುಟ್ಟ ಉರುಳೆಗಳ ಮೇಲೆ ಉಂಗುರವಾಗಿ ಕೂತ ಬೂದುಬಣ್ಣದ ಕೊಳೆಯನ್ನು ಉಗುರಿನಿಂದ ಕೆರೆದು ತೆಗೆಯುವುದು ಆ ಯುಗದ ನಿತ್ಯಕರ್ಮ. ಚೆಂಡು ಕದ್ದೊಯ್ಯುವುದು ಆ ಯುಗದ ಮಹಾಪಾತಕ. 1999ರಲ್ಲಿ ಮೈಕ್ರೋಸಾಫ್ಟಿನ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಬಂದು ಚೆಂಡನ್ನು ಕಿತ್ತು ಅಲ್ಲಿ ಕಣ್ಣು ಇಟ್ಟಿತು. ಅಡಿಯಲ್ಲಿ ಒಂದು ದೀಪ, ಪಕ್ಕದಲ್ಲಿ ಒಂದು ಚಿಕ್ಕ ಕ್ಯಾಮೆರಾ. ಕ್ಯಾಮೆರಾ ಸೆಕೆಂಡಿಗೆ ಸಾವಿರಾರು ಬಾರಿ ಮೇಜಿನ ಫೋಟೋ ಹಿಡಿದು, ಹಿಂದಿನದಕ್ಕೂ ಈಗಿನದಕ್ಕೂ ಎಷ್ಟು ಜರುಗಿತೆಂದು ಲೆಕ್ಕ ಹಾಕುತ್ತದೆ. ಗಾಜಿನ ಮೇಜಿನ ಮೇಲೆ ಅನೇಕ ಮೌಸುಗಳು ತಡಬಡಾಯಿಸುವುದು ಇದಕ್ಕೇ: ಫೋಟೋದಲ್ಲಿ ಹಿಡಿಯಲು ಏನೂ ಇರುವುದಿಲ್ಲ.

ಇಷ್ಟು ಪೀಠಿಕೆ. ಈಗ ಸೂತ್ರ:

ಮೊದಲು ಕೈ, ಆಮೇಲೆ ಜೇಬು, ಕಡೆಗೆ ಬೆಳಕು.

‘ಮೊದಲು’ ಎಂದರೆ ಯಾವುದಕ್ಕಿಂತ ಮೊದಲು? ಸ್ನಾನಕ್ಕಿಂತ ಮೊದಲೋ, ಊಟಕ್ಕಿಂತ ಮೊದಲೋ? ಆರ್ಡರ್ ಒತ್ತುವುದಕ್ಕಿಂತ ಮೊದಲು ಎಂದು ವೃತ್ತಿಕಾರರು. ವಿಡಿಯೋ ರಿವ್ಯೂ ನೋಡುವುದಕ್ಕಿಂತ ಮೊದಲು ಎಂದು ನಾವು. ಏಕೆಂದರೆ ನೋಡಿದ ಮೇಲೆ ಕೈ ತನ್ನದೆಂಬ ಭಾವನೆಯೇ ಹೋಗಿ, ರಿವ್ಯೂ ಮಾಡಿದವನ ಕೈಗೆ ಮೌಸು ಕೊಳ್ಳುವ ಪ್ರಸಂಗ ಬರುತ್ತದೆ.

‘ಕೈ’. ನಡುಬೆರಳ ತುದಿಯಿಂದ ಮಣಿಕಟ್ಟಿನ ಗೆರೆಯವರೆಗೆ ಅಳೆಯಬೇಕು. ಹದಿನೇಳು ಸೆಂಟಿಮೀಟರಿನ ಒಳಗಿದ್ದರೆ ಚಿಕ್ಕ ಕೈ, ಇಪ್ಪತ್ತು ದಾಟಿದರೆ ದೊಡ್ಡದು. ಅಳೆಯುವಾಗ ಬೆರಳನ್ನು ಎಳೆದು ಉದ್ದ ಮಾಡಿಕೊಳ್ಳುವುದು ಶಾಸ್ತ್ರವಿರುದ್ಧ. ಆಮೇಲೆ ಹಿಡಿತ. ಶೃಂಗೇರಿ, ಮೇಲುಕೋಟೆ, ಉಡುಪಿ ಮೂರೂ ಇರುವ ನಾಡಿನ ಓದುಗರಿಗೆ ಮೌಸು ಹಿಡಿಯುವುದರಲ್ಲೂ ಮೂರು ಮತವೆಂದರೆ ಅಚ್ಚರಿಯಾಗಲಾರದು.

ಪಾಮ್ ಗ್ರಿಪ್ಪಿನವರು ಅದ್ವೈತಿಗಳು. ಅಂಗೈ ಪೂರ್ತಿ ಮೌಸಿನ ಬೆನ್ನಿಗೆ ಒರಗಿರುತ್ತದೆ, ಬೆರಳು ಚಾಚಿ ಮಲಗಿರುತ್ತವೆ. ಕೈ ಎಲ್ಲಿ ಮುಗಿಯಿತು, ಮೌಸು ಎಲ್ಲಿ ಶುರುವಾಯಿತು ಎಂಬ ಭೇದವಿಲ್ಲ. ಚಲನೆಯೆಲ್ಲ ಮೊಣಕೈಯಿಂದ. ಇವರಿಗೆ ಬೆನ್ನು ಉಬ್ಬಿದ, ಬಲಕ್ಕೆ ವಾಲಿದ, ಉದ್ದನೆಯ ಮೌಸು ಬೇಕು. ರೇಝರ್ ಡೆತ್‌ಆ್ಯಡರ್ ಇವರ ಪ್ರಮಾಣಗ್ರಂಥ. 2006ರಿಂದ ಪಾಠಾಂತರಗಳು ಬರುತ್ತಲೇ ಇದ್ದರೂ ಮೂಲ ಆಕಾರ ಹೆಚ್ಚು ಕೆಟ್ಟಿಲ್ಲ, ಉದ್ದ 127 ಮಿಲಿಮೀಟರಿನ ಆಸುಪಾಸು. ಫಿಂಗರ್‌ಟಿಪ್ಪಿನವರು ಶುದ್ಧ ದ್ವೈತಿಗಳು. ಕೈ ಬೇರೆ, ಮೌಸು ಬೇರೆ, ನಡುವೆ ಗಾಳಿ. ಬೆರಳ ತುದಿ ಮಾತ್ರ ತಾಗಬೇಕು, ಅಂಗೈ ಸೋಕಿದರೆ ಮೈಲಿಗೆ. ಇವರಿಗೆ ಗಿಡ್ಡ, ಚಪ್ಪಟೆ, ಹಗುರ ಮೌಸು. ನಡುವೆ ಕ್ಲಾ ಗ್ರಿಪ್ಪಿನ ವಿಶಿಷ್ಟಾದ್ವೈತಿಗಳು: ಅಂಗೈಯ ಬುಡ ಮೌಸಿನ ಹಿಂಭಾಗಕ್ಕೆ ಶರಣಾಗಿರುತ್ತದೆ, ಬೆರಳು ಮಾತ್ರ ಕಮಾನಿನಂತೆ ಎದ್ದು ಸ್ವತಂತ್ರವಾಗಿರುತ್ತವೆ. ಎರಡೂ ಬದಿ ಒಂದೇ ಆಕಾರವಿರುವ ಲಾಜಿಟೆಕ್ ಜಿ ಪ್ರೊ ಎಕ್ಸ್ ಸೂಪರ್‌ಲೈಟ್ ಇವರಿಗೆ ಇಷ್ಟ.

ಎಡಚರ ಗತಿಯೇನು? ಈ ಶಾಸ್ತ್ರ ಅವರಿಗೆ ಮಾಡಿದ ಅನ್ಯಾಯ ದೊಡ್ಡದು, ಇಲ್ಲಿ ತಮಾಷೆ ಮಾಡಲೂ ಮನಸ್ಸು ಬರುವುದಿಲ್ಲ. 2019ರ ರೇಝರ್ ವೈಪರ್‌ಗೆ ಎರಡೂ ಪಕ್ಕದಲ್ಲಿ ಗುಂಡಿಗಳಿದ್ದವು. ಮುಂದೆ ವೈಪರ್ ವಿ2 ಪ್ರೊ ಬರುವಷ್ಟರಲ್ಲಿ ಬಲಪಕ್ಕದ ಗುಂಡಿಗಳನ್ನು ಕಿತ್ತುಹಾಕಿದರು. ಭಾರ ಇಳಿಸಬೇಕಿತ್ತಂತೆ.

ಭಾರದ ಮಾತು ಬಂದದ್ದರಿಂದ ಗುರುಲಘು ವಿಚಾರವನ್ನು ಇಲ್ಲೇ ಮುಗಿಸಬೇಕು. ಗುರುಪಕ್ಷದ ಆಕರ ಲಾಜಿಟೆಕ್ ಜಿ502. ಹೀರೋ ಪಾಠದ ತೂಕ 121 ಗ್ರಾಂ. ಅದು ಸಾಲದೆಂದು ಡಬ್ಬಿಯಲ್ಲಿ 3.6 ಗ್ರಾಮಿನ ಐದು ಚಿಕ್ಕ ತೂಕದ ಬಿಲ್ಲೆ ಕೊಡುತ್ತಾರೆ, ಹೊಟ್ಟೆಯಲ್ಲಿ ತುಂಬಿಕೊಳ್ಳಲು. ಲಘುಪಕ್ಷದ ಆಕರ ಮೇಲೆ ಹೇಳಿದ ಸೂಪರ್‌ಲೈಟ್, 2020ರದು, 63 ಗ್ರಾಮಿಗಿಂತ ಕಡಿಮೆ. ಎರಡೂ ಒಂದೇ ಕಂಪನಿಯವು. ಭಾರ ಬೇಕೆಂದವನಿಗೂ ಬೇಡವೆಂದವನಿಗೂ ಒಂದೇ ಬಾಗಿಲಲ್ಲಿ ಪ್ರಸಾದ ಹಂಚುವ ಈ ಸಮನ್ವಯದೃಷ್ಟಿಯನ್ನು ನಮ್ಮ ತತ್ತ್ವಜ್ಞರು ಇನ್ನೂ ಸಾಧಿಸಿಲ್ಲ. ಲಘುಪಕ್ಷದ ಉಗ್ರರು ಮೌಸಿನ ಮೈತುಂಬ ಜೇನುಗೂಡಿನಂತೆ ತೂತು ಕೊರೆಸಿದರು. 2019ರ ಗ್ಲೋರಿಯಸ್ ಮಾಡೆಲ್ ಓ ಹಾಗೇ 67 ಗ್ರಾಮಿಗೆ ಇಳಿಯಿತು. ತೂತಿನೊಳಗೆ ಖಾರದ ಮಂಡಕ್ಕಿ ಬಿದ್ದರೆ ತೂಕ ಮತ್ತೆ ಏರುತ್ತದೆ ಎಂಬ ಆಕ್ಷೇಪಕ್ಕೆ ಅವರ ಬಳಿ ಉತ್ತರವಿಲ್ಲ. ಗಂಭೀರವಾಗಿ ಹೇಳುವುದಾದರೆ, ಮೌಸನ್ನು ಪದೇ ಪದೇ ಎತ್ತಿಟ್ಟು ಆಡುವ ಶೂಟಿಂಗ್ ಆಟಗಳಲ್ಲಿ ಹಗುರವಾದದ್ದು ಮಣಿಕಟ್ಟಿಗೆ ನಿಜವಾಗಿಯೂ ಸುಖ. ಸ್ಟ್ರ್ಯಾಟಜಿ ಆಟದವನಿಗೆ ಅದರಿಂದ ಆಗಬೇಕಾದದ್ದು ಏನೂ ಇಲ್ಲ.

ಇನ್ನು ಸಂಖ್ಯಾಮದ. ಡಬ್ಬಿಯ ಮೇಲೆ ಅತಿ ದಪ್ಪ ಅಕ್ಷರದಲ್ಲಿ ಅಚ್ಚಾಗುವುದು ಡಿಪಿಐ: ಒಂದು ಅಂಗುಲ ಸರಿಸಿದರೆ ಮೌಸು ಎಷ್ಟು ಹೆಜ್ಜೆ ಎಣಿಸುತ್ತದೆ ಎಂಬ ಲೆಕ್ಕ. ಜಿ502 ಹೀರೋದ್ದು 25,600. ಸಾಧಾರಣ ಫುಲ್ ಎಚ್‌ಡಿ ಪರದೆಯ ಅಗಲ 1,920 ಪಿಕ್ಸೆಲ್. ಭಾಗಿಸಿ ನೋಡಿ: ಎರಡು ಮಿಲಿಮೀಟರ್ ಸಹ ಸರಿಸಬೇಕಿಲ್ಲ, ಕರ್ಸರ್ ಈ ಅಂಚಿನಿಂದ ಆ ಅಂಚಿಗೆ ಹೋಗಿ ಬಡಿಯುತ್ತದೆ. ಬಿಕ್ಕಳಿಕೆ ಬಂದವನು ಮೌಸು ಮುಟ್ಟುವಂತಿಲ್ಲ. ಇದೇ ವಿದ್ಯೆಯಲ್ಲಿ ಹೊಟ್ಟೆ ಹೊರೆಯುವ ಕೌಂಟರ್ ಸ್ಟ್ರೈಕ್ ವೃತ್ತಿಪರರಲ್ಲಿ ಬಹುಪಾಲು ಜನ 400 ಇಲ್ಲವೇ 800ರಲ್ಲಿ ಆಡುತ್ತಾರೆ. ಹಾಗಾದರೆ ಉಳಿದ ಇಪ್ಪತ್ತನಾಲ್ಕು ಸಾವಿರದ ಎಂಟುನೂರು ಎಲ್ಲಿ ಹೋಯಿತು? ಅದು ಡಬ್ಬಿಯ ಮೇಲೇ ಇದೆ.

ಎರಡನೆಯದು ಪೋಲಿಂಗ್ ರೇಟ್, ಚುನಾವಣೆಯದಲ್ಲ. ಮೌಸು ಕಂಪ್ಯೂಟರಿಗೆ ಸೆಕೆಂಡಿಗೆ ಎಷ್ಟು ಸಲ ವರದಿ ಒಪ್ಪಿಸುತ್ತದೆ ಎಂಬುದು. ಸಾವಿರ ಹರ್ಟ್ಸ್ ಎಂದರೆ ಮಿಲಿಸೆಕೆಂಡಿಗೊಂದು. ಈಗ ಎಂಟು ಸಾವಿರದ್ದೂ ಸಿಗುತ್ತದೆ. 60 ಹರ್ಟ್ಸಿನ ಹಳೇ ಮಾನಿಟರ್ ಒಂದು ಚಿತ್ರ ಬದಲಿಸುವಷ್ಟರಲ್ಲಿ ಇಂಥ ಮೌಸು 133 ವರದಿ ಕಳಿಸಿರುತ್ತದೆ. ಸಾಹೇಬರು ಇನ್ನೂ ಕುರ್ಚಿಗೆ ಬಂದೇ ಇಲ್ಲ, ಗುಮಾಸ್ತ ಮೇಜಿನ ಮೇಲೆ 133 ಕಡತ ಪೇರಿಸಿದ ಹಾಗೆ. ಕಣ್ಣು ಕಂಡದ್ದಕ್ಕೆ ಬೆರಳು ಅಲ್ಲಾಡಲು ಮನುಷ್ಯನಿಗೆ ಸುಮಾರು ಇನ್ನೂರು ಮಿಲಿಸೆಕೆಂಡ್ ಬೇಕು. ಒಂದು ಮಿಲಿಸೆಕೆಂಡಿನಲ್ಲಿ ಮುಕ್ಕಾಲಿಗೂ ಹೆಚ್ಚು ಉಳಿಸಲು ಹೊರಟವನು ಮೊದಲು ಮಾನಿಟರ್ ಬದಲಿಸಲಿ, ಆಮೇಲೆ ನಿದ್ದೆ ಮಾಡಲಿ.

‘ಜೇಬು’. ಧನ ಮೂರು ಬಗೆ: ಪಿತೃಧನ, ಸ್ವಧನ, ಋಣಧನ. ಪಿತೃಧನಕ್ಕೆ ‘ಪ್ರಾಜೆಕ್ಟಿಗೆ ಬೇಕು’ ಎಂಬ ಮಂತ್ರವಿದೆ. ಅದರಿಂದ ಲಾಜಿಟೆಕ್ ಜಿ102 ಸಿದ್ಧಿಸುತ್ತದೆ. ವೈರಿನದು, 85 ಗ್ರಾಂ, ಚಿಕ್ಕ ಮತ್ತು ನಡುಗಾತ್ರದ ಕೈಗೆ ಒಗ್ಗುವಂಥದು. ಶಾಸ್ತ್ರ ಪಕ್ಕಕ್ಕಿಟ್ಟು ಹೇಳಿದರೆ, ಬಹಳ ಜನಕ್ಕೆ ಇಷ್ಟೇ ಸಾಕು. ಸ್ವಧನದವನು, ಮೊದಲ ಸಂಬಳದವನು, ಅದೇ ಅಚ್ಚಿನ ವೈರ್‌ಲೆಸ್ ಜಿ304 ಕೊಳ್ಳುತ್ತಾನೆ. ಹೊಟ್ಟೆಯಲ್ಲಿ ಒಂದು ಎಎ ಸೆಲ್. ಸೆಲ್ ಸೇರಿ 99 ಗ್ರಾಂ. ಟಿವಿ ರಿಮೋಟಿನ ಸೆಲ್ ಇದಕ್ಕೆ ಆಗುತ್ತದೋ ಇಲ್ಲವೋ ಎಂಬುದು ರಿಮೋಟ್ ಎಎ ಶಾಖೆಯದೋ ಎಎಎ ಶಾಖೆಯದೋ ಎಂಬುದನ್ನು ಅವಲಂಬಿಸಿದೆ. ಆಗುವ ಶಾಖೆಯಾದರೆ ಮನೆಯಲ್ಲಿ ಧಾರಾವಾಹಿಯ ಹೊತ್ತಿಗೆ ಜಗಳ ಖಂಡಿತ. ವೈರ್‌ಲೆಸ್ಸಿನಲ್ಲೂ ಜಾತಿಯುಂಟು: ಡಾಂಗಲ್ ಚುಚ್ಚುವ 2.4 ಗಿಗಾಹರ್ಟ್ಸ್ ಆಟಕ್ಕೆ, ಬ್ಲೂಟೂತ್ ಎಕ್ಸೆಲ್ ಶೀಟಿಗೆ. ಋಣಧನದ ಬಗ್ಗೆ ನಾವು ಮೌನಿಗಳು.

‘ಬೆಳಕು’. ಇದರ ವ್ಯಾಖ್ಯಾನವನ್ನು ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಕೇಳಬೇಕು. ನಾವು ಹಿಡಿತ, ಸೆನ್ಸರು, ತೂಕ ಎಂದು ಅರ್ಧ ಪುಟದ ಪ್ರಶ್ನೆ ಕೇಳಿ ಮುಗಿಸುವವರೆಗೆ ಗಾಜಿನ ಕೌಂಟರಿನ ಹಿಂದಿನ ಹುಡುಗ ತಾಳ್ಮೆಯಿಂದ ಕಾದು, ‘ಸಾರ್, ಲೈಟ್ ಇರೋದ್ ಬೇಕಾ, ಇಲ್ದೇ ಇರೋದಾ?’ ಎಂದ. ಇಷ್ಟು ಸಂಕ್ಷಿಪ್ತ ವರ್ಗೀಕರಣ ಪಾಣಿನಿಗೂ ಸಾಧ್ಯವಾಗುತ್ತಿತ್ತೋ ಇಲ್ಲವೋ. ಲೈಟು ತೋರಿಸಬಲ್ಲ ಬಣ್ಣ 1.68 ಕೋಟಿ ಎಂದು ಡಬ್ಬಿ ಹೇಳುತ್ತದೆ. ಕೆಂಪು, ಹಸಿರು, ನೀಲಿಗೆ ತಲಾ 256 ಮಟ್ಟ, ಗುಣಿಸಿದರೆ ಲೆಕ್ಕ ಸರಿಯೇ. ಆಡುವಾಗ ಅಷ್ಟೂ ಬಣ್ಣ ಅಂಗೈಯ ಕೆಳಗೆ ಮುಚ್ಚಿಹೋಗುತ್ತದೆ.

ಕೊನೆಯದಾಗಿ ಪ್ರಾಯಶ್ಚಿತ್ತ. ಮೌಸಿಗೆ ಬರುವ ರೋಗಗಳಲ್ಲಿ ಡಬಲ್ ಕ್ಲಿಕ್ ಮುಖ್ಯ. ಗುಂಡಿಯ ಕೆಳಗಿನ ಸ್ವಿಚ್ಚಿನಲ್ಲಿ ಉಗುರಿಗಿಂತ ಕಿರಿದಾದ, ಬಾಗಿಸಿದ ಒಂದು ಲೋಹದ ತಗಡಿದೆ. ಒತ್ತಿದಾಗ ಅದು ಟಕ್ಕನೆ ಕೆಳಗೆ ಬಡಿಯುತ್ತದೆ. ತಗಡು ಸವೆದು, ತಾಗುವ ತುದಿ ಮಾಸಿದ ಮೇಲೆ ಬಡಿದದ್ದು ಪುಟಿದು ಮತ್ತೊಮ್ಮೆ ಬಡಿಯುತ್ತದೆ. ಮೌಸು ಅದನ್ನೂ ಎಣಿಸಿಬಿಡುತ್ತದೆ. ಐದು ಕೋಟಿ ಕ್ಲಿಕ್ಕಿನ ಭರವಸೆ ಕೊಟ್ಟ ಸ್ವಿಚ್ಚಿಗೂ ಇದು ತಪ್ಪಿದ್ದಲ್ಲ. ತಗಡಿನ ಬದಲು ಬೆಳಕಿನ ಕಿರಣವನ್ನು ತಡೆದು ಕ್ಲಿಕ್ ಗುರುತಿಸುವ ಆಪ್ಟಿಕಲ್ ಸ್ವಿಚ್ಚಿಗೆ ಈ ಪುಟಿತವಿಲ್ಲ. ಲಘುಪ್ರಾಯಶ್ಚಿತ್ತ: ಗುಂಡಿಯ ಸಂದಿಗೆ ಬಾಯಿಂದ ಊದುವುದು, ಫಲ ಅರ್ಧ ದಿನ. ಮಹಾಪ್ರಾಯಶ್ಚಿತ್ತ: ಬಿಚ್ಚುವುದು. ಸ್ಕ್ರೂ ಎಲ್ಲೂ ಕಾಣುವುದಿಲ್ಲ, ಅಡಿಯ ನುಣುಪು ಪಾದಗಳ ಕೆಳಗೆ ಅಡಗಿರುತ್ತವೆ. ಪಾದ ಕಿತ್ತರೆ ಮತ್ತೆ ಮೊದಲಿನಂತೆ ಅಂಟದು, ವಾರಂಟಿಯೂ ಹಾಗೇ. ಚಕ್ರದ ಪುಟಾಣಿ ಸ್ಪ್ರಿಂಗು ಹಾರಿ ಮಂಚದಡಿ ಸೇರುವುದು ಇದರ ಅಂಗಕರ್ಮ.

ಇಂಥದೊಂದು ಕರ್ಮ ನಡೆಯುತ್ತಿದ್ದ ಮನೆಯಲ್ಲಿ, ಊಟಕ್ಕೆ ಕರೆದು ಕರೆದು ಸಾಕಾಗಿ ಬಂದ ತಾಯಿ, ಒಮ್ಮೆ ಒತ್ತಿದರೆ ಎರಡು ಸಲ ಕ್ಲಿಕ್ ಆಗುವುದೇ ರೋಗವೆಂದು ಮಗನಿಂದ ಕೇಳಿ ತಿಳಿದು, ಹೀಗೆಂದರಂತೆ: ‘ನಿನ್ನ ಹತ್ತು ಸಲ ಕರೆದ್ರೂ ಒಂದ್ಸಲ ಬರಲ್ಲ. ಅದು ಒಂದ್ಸಲ ಕರೆದ್ರೆ ಎರಡು ಸಲ ಬರುತ್ತೆ. ರಿಪೇರಿ ಯಾರಿಗೋ ಬೇಕಾಗಿರೋದು?’ ಈ ವಾಕ್ಯಕ್ಕೆ ಟೀಕೆ ಬರೆಯಲು ಯಾವ ಟೀಕಾಕಾರನೂ ಮುಂದೆ ಬಂದಿಲ್ಲ. ಮಗ ಕೈ ತೊಳೆಯಲು ಹೋಗಿದ್ದಾನೆ.