ಬೀನ್‌ಬ್ಯಾಗ್ ಮೀಮಾಂಸೆ

ಕಚೇರಿಯಲ್ಲಿ ಹೊಸ ಯೋಚನೆ ಹುಟ್ಟುವುದು ಎಲ್ಲಿಂದ? ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಈ ಪ್ರಶ್ನೆಗೆ ಅಂತಿಮ ಉತ್ತರ ಸಿಕ್ಕಾಗಿದೆ: ಬೀನ್‌ಬ್ಯಾಗಿನಿಂದ. ಕುರ್ಚಿಯಲ್ಲಿ ಕೂತವನಿಗೆ ಬರುವುದು ಹಳೇ ಯೋಚನೆ. ಮೊಣಕಾಲು ಗದ್ದಕ್ಕೆ ತಾಗುವಂತೆ ಹೂತುಹೋದವನಿಗೆ ಹೊಸದು ಹೊಳೆಯುತ್ತದೆ. ಐವತ್ತು ದಾಟಿದ ಮ್ಯಾನೇಜರು ಅದರಿಂದ ಮೇಲೇಳಲು ಇಬ್ಬರು ಕೈ ಕೊಡಬೇಕಾಗುವುದರಿಂದ ತಂಡಸ್ಫೂರ್ತಿಯೂ ತಾನಾಗಿ ಸಿದ್ಧಿಸುತ್ತದೆ.

ಶಾಸ್ತ್ರವೆಂದ ಮೇಲೆ ಲಕ್ಷಣ ಹೇಳಲೇಬೇಕು. 'ನಾವೀನ್ಯಸ್ನೇಹಿ ಸಾಂಸ್ಥಿಕ ಸಂಸ್ಕೃತಿ' ಎಂದರೆ 'ಸಹಭಾಗಿತ್ವಾಧಾರಿತ ಬಹುಶಿಸ್ತೀಯ ಸೃಜನಪರಿಸರದ ಸುಸ್ಥಿರ ಸಬಲೀಕರಣ'. ಮೇಲ್ನೋಟಕ್ಕೆ ಇದರ ಅರ್ಥ ಹೊಳೆಯದು. ಒಳಹೊಕ್ಕು ನೋಡಿದರೆ ಅರ್ಥವೇ ಇಲ್ಲವೆಂಬುದು ಹೊಳೆಯುತ್ತದೆ. ಲೋಕರೂಢಿಯಲ್ಲಿ ಹೇಳುವುದಾದರೆ, ಮೂರನೇ ಮಹಡಿಯ ಮೂಲೆಯ ಕೋಣೆಗೆ ಕಿತ್ತಳೆ ಬಣ್ಣ ಬಳಿಸಿ ಬಾಗಿಲ ಮೇಲೆ 'ಐಡಿಯಾ ಅಡ್ಡಾ' ಎಂದು ಬರೆಸುವುದು. ಒಳಗೆ ಹೋಗಲು ಆ್ಯಪ್‌ನಲ್ಲಿ ಬುಕ್ ಮಾಡಬೇಕು. ಅರ್ಧ ಗಂಟೆಯ ಸ್ಲಾಟು. ಅಷ್ಟರಲ್ಲಿ ಹೊಳೆಯದಿದ್ದರೆ ಹೊರಗೆ ಮುಂದಿನ ತಂಡ ಗಾಜು ತಟ್ಟುತ್ತದೆ.

ಆ ಕೋಣೆಯಲ್ಲಿ ನಡೆಯುವ ಸಭೆಗಳು ಐದು ವಿಧ. ಮಂಥನ ಯಾವತ್ತು ಎಂದು ತೀರ್ಮಾನಿಸುವುದು ಪೂರ್ವಮಂಥನ. ಎರಡನೆಯದು ಸಾಕ್ಷಾತ್ ಮಂಥನ. ಹೋದ ವಾರ ಏನು ಮಾತಾಡಿದೆವೆಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು ಉತ್ತರಮಂಥನ. ನಾಲ್ಕನೆಯದು ಮೌನಮಂಥನ, ಅಂದರೆ ಹನ್ನೆರಡು ಜನ ಮ್ಯೂಟ್‌ನಲ್ಲಿದ್ದು ಒಬ್ಬರು ಮಾತ್ರ 'ನನ್ನ ಸ್ಕ್ರೀನ್ ಕಾಣಿಸ್ತಿದೆಯಾ' ಎನ್ನುತ್ತಿರುವುದು. ಐದನೆಯದು ಬಿಡಿ. ಯಾವುದರಲ್ಲೂ ಬೆಣ್ಣೆ ಬಂದದ್ದಿಲ್ಲ.

ಈ ಮಂಥನಸಂಪ್ರದಾಯದ ಮೂಲಪುರುಷ ಅಮೆರಿಕದ ಜಾಹೀರಾತು ಉದ್ಯಮಿ ಅಲೆಕ್ಸ್ ಆಸ್‌ಬಾರ್ನ್. ಗುಂಪಾಗಿ ಕೂತು, ಯಾರೂ ಯಾರನ್ನೂ ಟೀಕಿಸದೆ, ಬಾಯಿಗೆ ಬಂದದ್ದನ್ನೆಲ್ಲ ಹೇಳಿದರೆ ಯೋಚನೆಗಳು ಹೆಚ್ಚುತ್ತವೆ ಎಂಬುದು ಆತನ ಬೋಧೆ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮೂವರು ಸಂಶೋಧಕರು ಇದನ್ನು ಒರೆಗೆ ಹಚ್ಚಿದರು. ನಾಲ್ವರು ಒಟ್ಟಿಗೆ ಕೂತಾಗ ಬಂದದ್ದಕ್ಕಿಂತ ಅಷ್ಟೇ ಜನ ಬೇರೆ ಬೇರೆ ಕೂತು ಯೋಚಿಸಿದಾಗ ಹೆಚ್ಚು ಐಡಿಯಾ ಬಂದಿದ್ದವು. ಆರು ದಶಕ ದಾಟಿದರೂ ಈ ಸುದ್ದಿ ಮೂರನೇ ಮಹಡಿಗೆ ತಲುಪಿಲ್ಲ, ಲಿಫ್ಟ್ ಕೆಟ್ಟಿರಬೇಕು.

ಗೋಡೆಯ ತುಂಬ ಅಂಟಿಸುವ ಬಣ್ಣದ ಚೀಟಿಗಳದ್ದೂ ಒಂದು ಪುರಾಣವಿದೆ. 1968ರಲ್ಲಿ 3ಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ ಗಟ್ಟಿ ಅಂಟು ತಯಾರಿಸಲು ಹೋಗಿ, ಹಚ್ಚಿದರೂ ಸುಲಭವಾಗಿ ಕಿತ್ತು ಬರುವ ದುರ್ಬಲ ಅಂಟು ಮಾಡಿ ಕೂತರು. ಅದರಿಂದ ಏನು ಉಪಯೋಗವೆಂದು ವರ್ಷಗಟ್ಟಲೆ ಯಾರಿಗೂ ತೋಚಲಿಲ್ಲ. ಚರ್ಚಿನಲ್ಲಿ ಹಾಡುತ್ತಿದ್ದ ಸಹೋದ್ಯೋಗಿ ಆರ್ಟ್ ಫ್ರೈಗೆ ಭಜನೆ ಪುಸ್ತಕದ ಗುರುತುಚೀಟಿ ಜಾರಿ ಬೀಳುವ ಕಾಟವಿತ್ತು. 1974ರಲ್ಲಿ ಆತನಿಗೆ ಈ ಅಂಟು ನೆನಪಾಯಿತು. ಚೀಟಿ ಅಮೆರಿಕದ ಅಂಗಡಿಗಳಿಗೆಲ್ಲ ಬಂದದ್ದು 1980ರಲ್ಲಿ. ಹನ್ನೆರಡು ವರ್ಷ! ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳುವ ಕಚೇರಿಯಲ್ಲಿ ಆ ಅಂಟಿಗೆ ನಲವತ್ತೆಂಟು ಸಲ ಶ್ರಾದ್ಧವಾಗಿರುತ್ತಿತ್ತು. ಕೆಲಸದ ಹೊತ್ತಿನ ಶೇಕಡ 15ರಷ್ಟನ್ನು ತಮ್ಮಿಷ್ಟದ ಪ್ರಯೋಗಕ್ಕೆ ಕೊಡಬಹುದೆಂಬ ರಿವಾಜು ಆ ಕಂಪನಿಯಲ್ಲಿತ್ತು. ನಮ್ಮಲ್ಲಿ ಆ ಚೀಟಿಯನ್ನು ಮಾತ್ರ ತರಿಸಿಕೊಳ್ಳುತ್ತಾರೆ. ಟೈಮ್‌ಶೀಟಿನಲ್ಲಿ ಹದಿನೈದು ನಿಮಿಷಕ್ಕೊಂದು ಕೋಡ್ ತುಂಬಬೇಕು. 'ಸುಮ್ಮನೆ ಯೋಚಿಸುತ್ತಿದ್ದೆ' ಎನ್ನುವುದಕ್ಕೆ ಕೋಡ್ ಇಲ್ಲ.

ಇನ್ನು ಪುರಸ್ಕಾರಪ್ರಕರಣ. ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶೂಜಿ ನಕಮುರಾ, ಪ್ರಖರವಾದ ನೀಲಿ ಎಲ್‌ಇಡಿ ತಯಾರಿಸಿದ್ದಕ್ಕೆ ಪಡೆದ ಬಹುಮಾನ 20,000 ಯೆನ್. ಇಂದು ಮನೆಮನೆಯ ಬಿಳಿ ಎಲ್‌ಇಡಿ ದೀಪದ ಹಿಂದಿರುವುದು ಆ ನೀಲಿಯೇ. ಆತ ಕೋರ್ಟು ಹತ್ತಿ, 2005ರಲ್ಲಿ ಸುಮಾರು 84 ಕೋಟಿ ಯೆನ್‌ಗೆ ರಾಜಿಯಾಯಿತು. 2014ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಬಂತು. ನಮ್ಮಲ್ಲಿ ಕೋರ್ಟಿನವರೆಗೆ ಹೋಗುವುದೇ ಇಲ್ಲ. ಕೆಲಸಕ್ಕೆ ಸೇರಿ ಎಂಟು ತಿಂಗಳಾದ ಹುಡುಗಿಯೊಬ್ಬಳ ಯೋಚನೆ ಮೊದಲ ಸ್ಲೈಡಿನಲ್ಲಿ ಅವಳ ಹೆಸರಿನಲ್ಲಿರುತ್ತದೆ, ಎರಡನೆಯದರಲ್ಲಿ 'ತಂಡ'ದ ಹೆಸರಿನಲ್ಲಿ, ಮೇಲಿನವರ ಮುಂದೆ ಹೋಗುವ ಸ್ಲೈಡಿನಲ್ಲಿ ಮ್ಯಾನೇಜರ ಫೋಟೊ. ಇದಕ್ಕೆ ಪಾರಿಭಾಷಿಕ ಪದ ಬೇಕಿಲ್ಲ. ಕಳ್ಳತನ ಎಂದರೆ ಸಾಕು.

ಟೊಯೋಟಾದ ಜೋಡಣಾ ಸಾಲಿನಲ್ಲಿ ಒಂದು ಹಗ್ಗವಿರುತ್ತಿತ್ತು. ದೋಷ ಕಂಡ ಯಾವ ಕೆಲಸಗಾರನೂ ಅದನ್ನು ಎಳೆಯಬಹುದಿತ್ತು. ತಕ್ಷಣ ಸರಿಹೋಗದಿದ್ದರೆ ಸಾಲು ನಿಲ್ಲುತ್ತಿತ್ತು. ನಿಲ್ಲಿಸಿದವನನ್ನು ಬೈಯುವಂತಿರಲಿಲ್ಲ. ಕೆಲಸಗಾರರಿಂದ ಸಲಹೆ ಬರೆಸಿಕೊಳ್ಳುವ ಪದ್ಧತಿಯನ್ನು ಆ ಕಂಪನಿ ಶುರುಮಾಡಿದ್ದು 1951ರಲ್ಲಿ. ಅವರ ಕಾರ್ಖಾನೆ ನಮ್ಮ ಬಿಡದಿಯಲ್ಲೂ ಇದೆ. ನಮ್ಮವರು ನೋಡಿಬರಲು ದೂರವೇನಲ್ಲ, ಟ್ರಾಫಿಕ್ ಒಂದು ಬಿಟ್ಟರೆ.

ಈ ಪ್ರಬಂಧಕಾರ ದುಡಿದ ಕಚೇರಿಯಲ್ಲೂ ಸಲಹಾಪೆಟ್ಟಿಗೆ ಇತ್ತು, ಅಕ್ರಿಲಿಕ್ಕಿನದು. ಐಡಿಯಾ ಅಡ್ಡಾದ ಚೀಟಿಗಳು ರಾತ್ರಿ ಎಸಿ ಗಾಳಿಗೆ ಉದುರುತ್ತಿದ್ದವು. ಬೆಳಗ್ಗೆ ಆರೂವರೆಗೆ ಬರುವ ಹೌಸ್‌ಕೀಪಿಂಗ್ ಅಕ್ಕ ಅವನ್ನು ಆರಿಸಿ, ಇಂಗ್ಲಿಷ್ ಓದಲು ಬಾರದ ಕಾರಣ ಬಣ್ಣ ನೋಡಿಕೊಂಡು ಮತ್ತೆ ಅಂಟಿಸುತ್ತಿದ್ದಳು: ಹಳದಿ ಒಂದು ಕಡೆ, ಗುಲಾಬಿ ಒಂದು ಕಡೆ. ಮೂರು ವಾರ ಯಾರಿಗೂ ಗೊತ್ತಾಗಲಿಲ್ಲ. ಹೊಸ ಜೋಡಣೆಯಲ್ಲಿ 'ಒಳನೋಟ' ಕಂಡಿತೆಂದು ಒಬ್ಬರು ಫೋಟೊ ಹಿಡಿದು ಮೇಲೆ ಕಳಿಸಿದ್ದೂ ಉಂಟು.

ಒಂದು ದಿನ ಬೇಗ ಬಂದ ಪ್ರಬಂಧಕಾರನಿಗೆ ಅವಳು ಒಂದು ಚೀಟಿ ಕಿತ್ತು ತೋರಿಸಿದಳು. "ನೀವೆಲ್ಲ ಕೆಳಗಿಂದ ಮೇಲಕ್ಕೆ ಕೀಳ್ತೀರ ಸಾರ್, ಅದಕ್ಕೇ ಕಾಗ್ದ ಸುರುಳಿ ಆಗಿ ಬೀಳ್ತದೆ. ಪಕ್ಕದಿಂದ ಹಿಂಗೆ ಎಳೀರಿ. ಬೀಳಲ್ಲ." ಹಾಗೇ ಎಳೆದ ಚೀಟಿ ಚಪ್ಪಟೆಯಾಗಿ ಗೋಡೆ ಹಿಡಿಯಿತು, ಮರುದಿನವೂ ಅಲ್ಲೇ ಇತ್ತು. ಇದನ್ನು ಪೆಟ್ಟಿಗೆಗೆ ಹಾಕೋಣವೆಂದು ಅವಳ ಪರವಾಗಿ ಫಾರಂ ತುಂಬಲು ಕೂತರೆ ಮೊದಲ ಖಾನೆಯಲ್ಲೇ ಎಂಪ್ಲಾಯೀ ನಂಬರು ಕೇಳಿತ್ತು. ಅವಳು ಗುತ್ತಿಗೆಯವಳು, ನಂಬರಿಲ್ಲ. ನಂಬರಿಲ್ಲದ ಸಲಹೆ ತೆಗೆದುಕೊಳ್ಳುವುದಿಲ್ಲವೆಂದು ಎಚ್‌ಆರ್ ಹೇಳಿತು.

ಆ ಕೋಣೆಯಲ್ಲಿ ಈಗಲೂ ಕೆಳಗಿಂದ ಮೇಲಕ್ಕೇ ಕೀಳುತ್ತಾರೆ. ಬೆಳಗಾದರೆ ಚೀಟಿಗಳು ನೆಲದ ಮೇಲಿರುತ್ತವೆ.