ವಯಸ್ಸು ಬಿಡಿ, ಸಂಬಳ ಹೇಳಿ

ಕತಾರಿನ ರಾಸ್ ಲಫಾನ್‌ನಲ್ಲಿರುವ ಕನ್ನಡಿಗನಿಗೆ ರಾತ್ರಿ ಊಟಕ್ಕೆ ಮುಂಚೆ ಒಂದು ಬಿಯರು ಕುಡಿಯೋಣ ಅನ್ನಿಸಿತು ಎಂದಿಟ್ಟುಕೊಳ್ಳಿ. ಅವನು ಮೊದಲು ಹುಡುಕಬೇಕಾದದ್ದು ಅಂಗಡಿಯನ್ನಲ್ಲ, ತನ್ನ ಕಂಪನಿಯ ಎಚ್‌ಆರ್ ಸಾಹೇಬರನ್ನು. ಈ ಮನುಷ್ಯ ನಮ್ಮಲ್ಲಿ ಇಂಥ ಹುದ್ದೆಯಲ್ಲಿದ್ದಾನೆ, ಸಂಬಳ ಇಷ್ಟು, ಧರ್ಮ ಇಂಥದ್ದು ಎಂಬ ಕಾಗದ ಅವರ ಕೈಯಿಂದ ಇಳಿಯಬೇಕು. ನಮ್ಮಲ್ಲಿ ಹೆಣ್ಣು ಕೊಡುವ ಮಾವನೂ ಇಷ್ಟು ವಿಚಾರಿಸುವುದಿಲ್ಲ. ಆಮೇಲೆ ಠೇವಣಿ, ಆಮೇಲೆ ಪರ್ಮಿಟ್. ಅದನ್ನು ಜೇಬಲ್ಲಿಟ್ಟುಕೊಂಡು ಸುಮಾರು 80 ಕಿಲೋಮೀಟರ್ ದೂರದ ದೋಹಾಕ್ಕೆ ಕಾರು ಓಡಿಸಬೇಕು. ಅಲ್ಲಿ ಮದ್ಯ ತರಿಸಿ ಮಾರುವ ಹಕ್ಕು ಇರುವುದು ಕತಾರ್ ಡಿಸ್ಟ್ರಿಬ್ಯೂಷನ್ ಕಂಪನಿಗೆ. ಜನರ ಬಾಯಲ್ಲಿ ಕ್ಯೂಡಿಸಿ. ಅದು ಕತಾರ್ ಏರ್‌ವೇಸ್ ಎಂಬ ವಿಮಾನ ಕಂಪನಿಯ ಮರಿ. ಮೇಲೇರಿಸುವ ಉದ್ಯಮವೆಲ್ಲ ಒಂದೇ ಸೂರಿನಡಿ ಇರಲಿ ಎಂದಿರಬೇಕು.

ಅಲ್ಲಿಯೂ 21 ವರ್ಷ ತುಂಬಿರಬೇಕೆಂಬ ನಿಯಮ ಇದೆ. ಆದರೆ ನಿಜವಾದ ಪರೀಕ್ಷೆ ಬೇರೆಯದು. ಪರ್ಮಿಟ್ಟಿಗೆ ಕನಿಷ್ಠ ಸಂಬಳ ಇಷ್ಟಿರಬೇಕು ಎಂದಿದೆ. ತಿಂಗಳಿಗೆ ಎಷ್ಟು ಕೊಳ್ಳಬಹುದು ಎಂಬುದೂ ಸಂಬಳಕ್ಕೆ ತಕ್ಕಂತೆ. ಅಂದರೆ ಮ್ಯಾನೇಜರನ ಯಕೃತ್ತು ದೊಡ್ಡದು, ಸೂಪರ್‌ವೈಸರನದು ಮಧ್ಯಮ ಗಾತ್ರದ್ದು, ಕ್ಯಾಂಪಿನಲ್ಲಿ ಮಲಗುವ ಪೈಪ್ ಫಿಟ್ಟರನಿಗೆ ಯಕೃತ್ತೇ ಇಲ್ಲ ಎಂಬ ವೈದ್ಯಶಾಸ್ತ್ರ. ಐವತ್ತು ದಾಟಿ, ಮೊಮ್ಮಗನ ನಾಮಕರಣಕ್ಕೆ ರಜೆ ಕೇಳುತ್ತಿರುವವನು ಅಲ್ಲಿ ಸಂಬಳದ ಲೆಕ್ಕದಲ್ಲಿ ಇನ್ನೂ ಅಪ್ರಾಪ್ತ.

2019ರ ಜನವರಿ 1ರಿಂದ ಮದ್ಯದ ಮೇಲೆ ನೂರಕ್ಕೆ ನೂರು ತೆರಿಗೆ ಕೂತಿತು. ತಂಬಾಕು ಮತ್ತು ಎನರ್ಜಿ ಡ್ರಿಂಕ್‌ಗೂ ಅಷ್ಟೇ. 2022ರ ವಿಶ್ವಕಪ್ ಫುಟ್‌ಬಾಲ್ ಶುರುವಾಗಲು ಎರಡೇ ದಿನ ಇದ್ದಾಗ ಕ್ರೀಡಾಂಗಣದ ಸುತ್ತ ಬಿಯರು ಮಾರುವಂತಿಲ್ಲ ಎಂಬ ಆಜ್ಞೆ ಹೊರಟಿತು. ಪ್ರಾಯೋಜಕ ಬಡ್‌ವೈಸರ್ ಕಂಪನಿ ಬಾಯಿ ಬಿಟ್ಟುಕೊಂಡು ನಿಂತಿತು. ಉದ್ಘಾಟನೆಯ ಪಂದ್ಯ ನಡೆದದ್ದು ರಾಸ್ ಲಫಾನ್‌ಗೆ ಹತ್ತಿರದ ಅಲ್ ಖೋರ್‌ನ ಅಲ್ ಬೈತ್ ಮೈದಾನದಲ್ಲಿ. ಗ್ಯಾಲರಿಯ ಜನ ಆಲ್ಕೋಹಾಲ್ ಇಲ್ಲದ ಬಿಯರಿನಲ್ಲಿ ತೃಪ್ತಿಪಡಬೇಕಾಯಿತು. ದುಬಾರಿ ಬಾಕ್ಸುಗಳಲ್ಲಿ ಕೂತವರಿಗೆ ಮಾತ್ರ ಗ್ಲಾಸು ತುಂಬುತ್ತಲೇ ಇತ್ತು. ಅವರೆಲ್ಲ ವಯಸ್ಸಿಗೆ ಬಂದವರು, ಪಾಪ.

ಮನೆ ಬಾಗಿಲಿಗೆ ತಲುಪಿಸುವ ಸೇವೆಯೂ ಅಲ್ಲಿ ಕಣ್ಣು ಬಿಟ್ಟದ್ದುಂಟು. 2020ರಲ್ಲಿ ಕೊರೊನಾ ಬಂದು ಅಂಗಡಿ ಮುಚ್ಚಿದಾಗ ಕ್ಯೂಡಿಸಿಯೇ ಪರ್ಮಿಟ್ ಇದ್ದವರ ಮನೆಗೆ ಸರಕು ಕಳಿಸಿತು. ಆದರೆ ಕತಾರಿನಿಂದ ಹೊರಡುವ ಅತಿ ಹಳೆಯ ಹೋಮ್ ಡೆಲಿವರಿ ಅದಲ್ಲ. ಅದನ್ನು ನಡೆಸುತ್ತಿರುವವರು ರಜೆಗೆ ಬರುವ ನಮ್ಮವರೇ. ದೋಹಾ ವಿಮಾನ ನಿಲ್ದಾಣದ ಡ್ಯೂಟಿ ಫ್ರೀಯಲ್ಲಿ ಎರಡು ಲೀಟರು ಕೊಂಡು, ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕಸ್ಟಮ್ಸ್ ದಾಟಿಸಿ, ಊರಿನ ಭಾವನ ಕೈಗೆ ಒಪ್ಪಿಸುವ ಸೇವೆ. ಡೆಲಿವರಿ ಶುಲ್ಕ ಇಲ್ಲ. ಗ್ರಾಹಕನ ದೂರು ಮಾತ್ರ ಪ್ರತಿ ವರ್ಷ ತಪ್ಪದು: "ಇದೇನು ಮಾರಾಯಾ, ಹೋದ ಸಲದ್ದೇ ಬ್ರ್ಯಾಂಡು?" ವಯಸ್ಸಿನ ಪರಿಶೀಲನೆ ಹೇಗೆಂದರೆ, ಅಳಿಯ ಪಿಯುಸಿ ಪಾಸಾದನೋ ಎಂದು ಕೇಳುವುದು. ಪಾಸಾದರೆ ಅವನಿಗೂ ಒಂದು ಗುಟುಕು, ಫೇಲಾದರೆ ಸಮಾಧಾನಕ್ಕೆ ಎರಡು.

ಅಷ್ಟೆಲ್ಲ ಕಾಗದ ಪತ್ರ ಕೇಳುವ ದೇಶದಿಂದ ಕರ್ನಾಟಕಕ್ಕೆ ಬಂದಿಳಿದವನಿಗೆ ಇಲ್ಲಿನ ಸ್ವಾತಂತ್ರ್ಯ ಕಂಡು ಕಣ್ಣು ತುಂಬಿ ಬರಬೇಕು. ನಮ್ಮಲ್ಲಿ 1965ರ ಅಬಕಾರಿ ಕಾಯ್ದೆ 18ಕ್ಕಿಂತ ಕಿರಿಯರಿಗೆ ಮಾರಬೇಡಿ ಎನ್ನುತ್ತದೆ. ಅದರಡಿಯಲ್ಲೇ ಹುಟ್ಟಿದ 1967ರ ನಿಯಮ 21 ಎನ್ನುತ್ತದೆ. ತಾಯಿಗಿಂತ ಮಗ ಮಡಿವಂತ. ಈ ಎರಡಕ್ಕೂ ಹೊಂದಿಕೆ ಮಾಡಿಸಿ ನಿಯಮವನ್ನೂ 18ಕ್ಕೆ ಇಳಿಸೋಣ ಎಂದು 2023ರ ಜನವರಿಯಲ್ಲಿ ಸರ್ಕಾರ ಕರಡು ಹೊರಡಿಸಿತು. ಜನ ಬೈದರು. ಅದೇ ತಿಂಗಳು ಕರಡು ವಾಪಸಾಯಿತು. ಕೌಂಟರಿನ ಹುಡುಗನಿಗೆ ಈ ಗೊಂದಲದಿಂದ ತೊಂದರೆಯೇನೂ ಆಗಿಲ್ಲ. ಅವನು ನೋಟು ಅಸಲಿಯೋ ಎಂದು ಬೆಳಕಿಗೆ ಹಿಡಿದು ನೋಡುತ್ತಾನೆ, ಮುಖ ನೋಡುವುದಿಲ್ಲ.

ಆನ್‌ಲೈನ್ ಮದ್ಯದ ಮಾತೂ ಇಲ್ಲಿ ಆಗಾಗ ಏಳುತ್ತದೆ. 2019ರಲ್ಲಿ ಅಬಕಾರಿ ಸಚಿವ ಎಚ್. ನಾಗೇಶ್ ಮನೆ ಬಾಗಿಲಿಗೆ ಮದ್ಯ ತಲುಪಿಸುವ ಮಾತಾಡಿದರು. ಮುಖ್ಯಮಂತ್ರಿ ಯಡಿಯೂರಪ್ಪ ಅದನ್ನು ಅಲ್ಲೇ ಮಡಚಿಟ್ಟರು. ಜಾರ್ಖಂಡ್, ಒಡಿಶಾ, ಪಶ್ಚಿಮ ಬಂಗಾಳಗಳು 2020ರಲ್ಲಿ ಬಾಗಿಲು ತೆರೆದವು. ಗುರುತಿನ ಚೀಟಿ ಕಳಿಸಿ, ಸೆಲ್ಫಿ ಹೊಡೆದುಕೊಳ್ಳಿ, ಬಾಗಿಲಲ್ಲಿ ಒಟಿಪಿ ಹೇಳಿ ಎಂಬ ವ್ಯವಸ್ಥೆ. ಚೀಟಿ ಅಪ್ಪನದು, ಸೆಲ್ಫಿ ಅಣ್ಣನದು, ಒಟಿಪಿ ಹೇಳುವವನು ತಮ್ಮ. ಬೈಕಿನ ಮೇಲೆ ಬಂದ ಹುಡುಗನಿಗೋ ಇನ್ನು ಕೆಲವೇ ನಿಮಿಷದಲ್ಲಿ ಮುಂದಿನ ಮನೆ ಮುಟ್ಟಬೇಕು, ಇಲ್ಲವಾದರೆ ಸ್ಟಾರು ಕಡಿಮೆ. ಕೊಡುವುದಿಲ್ಲ ಎಂದು ಬಾಗಿಲಲ್ಲಿ ನಿಂತು ಹೇಳಿದವನಿಗೆ ಐದು ಸ್ಟಾರು ಕೊಡುವ ಗಿರಾಕಿ ಇನ್ನೂ ಹುಟ್ಟಿಲ್ಲ.

ನಮಗೆ ಆ್ಯಪ್ ಯಾಕೆ ಬೇಕು ಎಂಬುದೇ ನನಗೆ ಅರ್ಥವಾಗದ ಸಂಗತಿ. ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲಿ ಬೀಡಿ, ಬಿಸ್ಕತ್ತು, ಟೆಟ್ರಾ ಪ್ಯಾಕು ಒಂದೇ ಹಲಗೆಯ ಮೇಲಿರುತ್ತವೆ. ಹತ್ತು ವರ್ಷದ ಹುಡುಗ ಓಡಿಹೋಗಿ ಅಪ್ಪನಿಗೆ ಕ್ವಾರ್ಟರ್ ತರುತ್ತಾನೆ, ಚಿಲ್ಲರೆಗೆ ಚಾಕಲೇಟು. ನೆಟ್‌ವರ್ಕ್ ಬೇಡ, ಒಟಿಪಿ ಬೇಡ. ಅಂಗಡಿಯವನು ಅವನ ವಯಸ್ಸು ಕೇಳುವುದಿಲ್ಲ, ಯಾಕೆಂದರೆ ಅದು ಹುಟ್ಟಿದ ದಿನದಿಂದ ಅವನಿಗೆ ಗೊತ್ತು. ಇಂಥ ಅಂಗಡಿಗಳನ್ನು ಮುಚ್ಚಿಸಿ, ಮದ್ಯವನ್ನೇ ನಿಲ್ಲಿಸಿ ಎಂದು 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಅವರ ಕಾಲಿನ ಬೊಬ್ಬೆ ಆರುವಷ್ಟರಲ್ಲಿ ಸರ್ಕಾರ ಮುಂದಿನ ವರ್ಷದ ಅಬಕಾರಿ ಗುರಿ ಬರೆದಾಗಿತ್ತು.

2025-26ರ ಗುರಿ 40,000 ಕೋಟಿ ರೂಪಾಯಿ. ಆ ಬಜೆಟ್ಟಿನ ಚರ್ಚೆಯಲ್ಲೇ ತುರುವೇಕೆರೆ ಶಾಸಕ ಎಂ.ಟಿ. ಕೃಷ್ಣಪ್ಪ, ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಉಚಿತವಾಗಿ ಕೊಡಿ ಎಂದು ಸದನದಲ್ಲಿ ಕೇಳಿದರು. ನೀವೇ ಗೆದ್ದು ಸರ್ಕಾರ ಮಾಡಿ ಕೊಡಿ ಎಂದರು ಸಚಿವ ಜಾರ್ಜ್. ಯಾವ ವಯಸ್ಸಿನ ಗಂಡಸರಿಗೆ ಎಂದು ಅವರೂ ಕೇಳಲಿಲ್ಲ.

ಮಾರುವವರಲ್ಲಿ ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಕೂಡ ಇದೆ. ಅದೇ ಸಂಸ್ಥೆ ಶಾಲಾ ಮಕ್ಕಳಿಗೆ ನೋಟ್‌ಬುಕ್ಕನ್ನೂ ಮಾರುತ್ತದೆ. ಗಿರಾಕಿಯನ್ನು ಒಂದನೇ ಕ್ಲಾಸಿನಿಂದಲೇ ನೋಡಿಕೊಂಡು ಬಂದವರು ಅವರು. ಅವನಿಗೆ ವಯಸ್ಸೆಷ್ಟು ಎಂದು ಗೊತ್ತಿಲ್ಲ ಎನ್ನುವ ನೆಪ ಅವರಿಗಂತೂ ಇಲ್ಲ. ಮುಂದೆ ಯಾವತ್ತಾದರೂ ಬಾಟಲಿಯನ್ನು ಮನೆ ಬಾಗಿಲಿಗೆ ತರುವ ಯೋಚನೆ ವಿಧಾನಸೌಧಕ್ಕೆ ಬಂದರೆ, ಬೈಕು ಹೊರಡಿಸುವ ಮೊದಲು 18 ಸರಿಯೋ 21 ಸರಿಯೋ ಎಂಬುದನ್ನು ದಯವಿಟ್ಟು ತೀರ್ಮಾನಿಸಿ.