ವಿಷಯ: ಮೇಲ್ಕಂಡಂತೆ

ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ನಮ್ಮ ಚಿಕ್ಕಪ್ಪ ಇಮೇಲ್ ಬರೆಯುವ ರೀತಿಯೇ ಬೇರೆ. ‘ವಿಷಯ’ ಎಂಬ ಜಾಗ ಕಂಡರೆ ಸಾಕು, ಅವರೊಳಗಿನ ಸರ್ಕಾರಿ ನೌಕರ ಎದ್ದು ಕೂರುತ್ತಾನೆ. “ಮಾಗಡಿ ರಸ್ತೆಯ ಸೈಟು ಮಾರುವ ಮಾತನ್ನು ನಿನ್ನ ತಾಯಿಗೆ ಸದ್ಯಕ್ಕೆ ತಿಳಿಸದಿರುವ ಕುರಿತು” ಎಂದು ಸಕಲವನ್ನೂ ಅಲ್ಲೇ ಬರೆದು, ಕೆಳಗಿನ ವಿಶಾಲ ಬಯಲಿನಲ್ಲಿ “ಮೇಲ್ಕಂಡಂತೆ” ಎಂಬ ಒಂದೇ ಪದವಿಟ್ಟು ಕಳಿಸುತ್ತಾರೆ. ಜ್ಯೂರಿಕ್‌ನಲ್ಲಿರುವ ಮಗ ಹೋದ ಸಲ ಊರಿಗೆ ಬಂದವನು, ಅಪ್ಪನ ಗುಟ್ಟುಗಳು ಅಂಡಲೆಯುವುದು ಬೇಡವೆಂದು ಪತ್ರಗಳನ್ನು ಗೂಢಲಿಪಿಯಾಗಿಸಿ ಬೀಗ ಹಾಕುವ ಪ್ರೋಟಾನ್ ಮೇಲ್ ಎಂಬ ಸೇವೆಯಲ್ಲಿ ಖಾತೆ ತೆರೆದುಕೊಟ್ಟು ಹೋದ. “ಇನ್ನು ನನ್ನ ಕಾಗದ ಆ ಕಂಪನಿಯವರಿಗೂ ಓದೋಕ್ಕಾಗಲ್ಲ” ಎಂದು ಚಿಕ್ಕಪ್ಪ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದರು.

ತಮಾಷೆಯೆಂದರೆ, ಬೀಗ ಬೀಳುವುದು ಪತ್ರದ ಒಡಲಿಗೆ ಮಾತ್ರ. ಯಾರಿಂದ, ಯಾರಿಗೆ, ಎಷ್ಟು ಹೊತ್ತಿಗೆ ಎಂಬುದು ಹೊರಗೇ ಉಳಿಯುತ್ತದೆ. ಪ್ರೋಟಾನ್‌ನಲ್ಲಿ ವಿಷಯದ ಸಾಲಿಗೂ ಆ ಕಡೆಯಿಂದ ಈ ಕಡೆಯವರೆಗಿನ ಬೀಗವಿಲ್ಲ. ಕಾನೂನು ಕೇಳಿದರೆ ಕಂಪನಿ ಅದನ್ನು ಕೊಡಬಲ್ಲದು. ಅಂದರೆ ಚಿಕ್ಕಪ್ಪನ ಸೈಟು ಬಯಲಲ್ಲಿದೆ. ‘ಮೇಲ್ಕಂಡಂತೆ’ ಎಂಬ ಪದ ಮಾತ್ರ ಜಗತ್ತಿನ ಯಾವ ಗೂಢಚಾರನ ಕೈಗೂ ಸಿಗದಷ್ಟು ಭದ್ರವಾಗಿದೆ.

ಜರ್ಮನಿಯ ಟೂಟಾ ಎಂಬ ಸೇವೆ ವಿಷಯದ ಸಾಲನ್ನೂ ಮುಚ್ಚುತ್ತದೆ. ಆದರೆ ವಿಳಾಸವನ್ನು ಮುಚ್ಚುವುದು ಅದರಿಂದಲೂ ಆಗದು. ಲಕೋಟೆಯ ಮೇಲೆ ವಿಳಾಸವೇ ಇಲ್ಲದಿದ್ದರೆ ಅಂಚೆಯವನು ಯಾರ ಮನೆ ಬಾಗಿಲು ಬಡಿಯಬೇಕು? ಇಮೇಲ್ ಸಾಗುವ ಕಟ್ಟಳೆಗಳನ್ನು 1982ರಲ್ಲಿ ಬರೆದವರಿಗೆ ಕಾಗದ ತಲುಪಿದರೆ ಸಾಕಿತ್ತು, ಗುಟ್ಟಿನ ಯೋಚನೆ ಇರಲಿಲ್ಲ. 1991ರಲ್ಲಿ ಅಮೆರಿಕದ ಫಿಲ್ ಜಿಮ್ಮರ್‌ಮನ್ ಪಿಜಿಪಿ ಎಂಬ ಬೀಗವನ್ನು ಮಾಡಿ ಹಂಚಿದರು. ಅದನ್ನು ಶಸ್ತ್ರಾಸ್ತ್ರ ರಫ್ತೆಂದು ಬಗೆದು ಸರ್ಕಾರ ಅವರ ಮೇಲೆ ವರ್ಷಗಟ್ಟಲೆ ತನಿಖೆ ನಡೆಸಿ, 1996ರಲ್ಲಿ ಕೈಬಿಟ್ಟಿತು. ಇಷ್ಟು ರಾದ್ಧಾಂತ ಮಾಡಿದ ಬೀಗವೂ ಲಕೋಟೆಯ ಮೇಲಿನ ಬರಹವನ್ನು ಮುಟ್ಟಿರಲಿಲ್ಲ.

ಬರೀ ವಿಳಾಸದಿಂದ ಏನು ತಿಳಿಯುತ್ತದೆ ಎನ್ನುವವರು ನಮ್ಮ ಕಡೆಯ ಮದುವೆಗಳನ್ನು ನೋಡಿಲ್ಲ. ಒಬ್ಬಾತ ಒಂದೇ ವಾರದಲ್ಲಿ ಜಾತಕ ನೋಡುವವರಿಗೆ ಮೂರು, ಕಲ್ಯಾಣ ಮಂಟಪಕ್ಕೆ ಎರಡು, ಕೊನೆಗೆ ಅಡುಗೆ ಕಾಂಟ್ರಾಕ್ಟರಿಗೆ ಒಂದು ಮೇಲ್ ಕಳಿಸಿದರೆ, ಒಳಗೆ ತೆರೆದು ಓದಲು ಇನ್ನೇನು ಉಳಿದಿರುತ್ತದೆ? ಮುಂದಿನ ವಾರ ಅದೇ ಮಂಟಪದ ಜೊತೆಗೆ ವಕೀಲರಿಗೂ ಒಂದು ಹೋಯಿತೆನ್ನಿ, ಉಳಿದ ಕಥೆಯನ್ನು ಯಾರಾದರೂ ಹೇಳಿಯಾರು.

ಪ್ರೋಟಾನ್‌ನವರು ಜಿನೀವಾದವರು. ಸ್ವಿಟ್ಜರ್ಲೆಂಡ್ ಎಂದರೆ ಗುಟ್ಟಿಗೆ ತವರೆಂಬ ನಂಬಿಕೆ ನಮ್ಮಲ್ಲಿ ರಾಜಕಾರಣಿಗಳ ಕೃಪೆಯಿಂದ ಬೇರೂರಿದೆ. ಆದರೆ 2021ರಲ್ಲಿ ಪ್ಯಾರಿಸ್ಸಿನ ಪರಿಸರ ಹೋರಾಟಗಾರರ ಗುಂಪೊಂದು ಬಳಸುತ್ತಿದ್ದ ಖಾತೆಯ ಬೆನ್ನು ಹತ್ತಿ ಫ್ರಾನ್ಸಿನ ಪೊಲೀಸರು ಯೂರೋಪೋಲ್ ಮೂಲಕ ಸ್ವಿಸ್ ಅಧಿಕಾರಿಗಳ ಬಳಿ ಹೋದರು. ಸ್ವಿಸ್ ಆದೇಶ ಬಂದದ್ದೇ, ಕಂಪನಿ ಆ ಖಾತೆಯ ಐಪಿ ವಿಳಾಸವನ್ನು ದಾಖಲಿಸಿ ಕೊಟ್ಟಿತು. ಪತ್ರಗಳನ್ನು ಯಾರೂ ಓದಲಿಲ್ಲ, ಓದುವ ಅಗತ್ಯವೂ ಬೀಳಲಿಲ್ಲ. ಐಪಿ ವಿಳಾಸಗಳನ್ನು ತಾವಾಗಿ ದಾಖಲಿಸುವುದಿಲ್ಲ ಎಂದು ಜಾಲತಾಣದಲ್ಲಿದ್ದ ಮಾತನ್ನು ಕಂಪನಿ ಆಮೇಲೆ ಬದಲಿಸಿತು. ನನಗೆ ಕಂಪನಿಯ ಮೇಲೆ ಸಿಟ್ಟಿಲ್ಲ. ಅದೇನು ಮಠವೆ, ಕೋರ್ಟಿನ ಕಾಗದ ಬಂದರೆ ಮೌನವ್ರತ ಹಿಡಿಯಲು? ಸಿಟ್ಟಿರುವುದು ಆ ಹಳೆಯ ಮಾತನ್ನು ಅಷ್ಟು ದಪ್ಪಕ್ಷರದ ಧೈರ್ಯದಲ್ಲಿ ಬರೆದವರ ಮೇಲೆ.

ಇಡೀ ಪುರಾಣದಲ್ಲಿ ನನಗೆ ತುಂಬ ಇಷ್ಟವಾದವರು ಟೆಕ್ಸಾಸಿನ ಲಡಾರ್ ಲೆವಿಸನ್. ಅಮೆರಿಕ ಸರ್ಕಾರದ ಗುಟ್ಟುಗಳನ್ನು ಬಯಲಿಗೆಳೆದ ಎಡ್ವರ್ಡ್ ಸ್ನೋಡನ್ ಬಳಸುತ್ತಿದ್ದ ಲವಾಬಿಟ್ ಎಂಬ ಇಮೇಲ್ ಸೇವೆ ಇವರದು. 2013ರ ಬೇಸಿಗೆಯಲ್ಲಿ ಎಫ್‌ಬಿಐ ಬಂದು, ಒಬ್ಬನನ್ನು ನೋಡಬೇಕೆಂದು ಇಡೀ ಸೇವೆಯ ಬೀಗದ ಕೈಯನ್ನೇ ಕೇಳಿತು. ಕೊಡುವುದಿಲ್ಲ ಎನ್ನುವಂತಿಲ್ಲ. ಲೆವಿಸನ್ ಕೊಟ್ಟರು: ಹನ್ನೊಂದು ಹಾಳೆಗಳಲ್ಲಿ, ನಾಲ್ಕು ಪಾಯಿಂಟಿನ ಅಕ್ಷರದಲ್ಲಿ ಮುದ್ರಿಸಿ. ಭೂತಗನ್ನಡಿ ಹಿಡಿದು ಎರಡೂವರೆ ಸಾವಿರ ಅಕ್ಷರಗಳನ್ನು ಒಂದೊಂದಾಗಿ ಕುಟ್ಟಬೇಕು, ಒಂದು ತಪ್ಪಿದರೂ ಬೀಗ ತೆರೆಯದು. ಇದನ್ನು ನಾನು ಚಿಕ್ಕಪ್ಪನಿಗೆ ಹೇಳಿದಾಗ ಅವರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. “ಏನಯ್ಯಾ, ಅವನು ನಮ್ಮ ಇಲಾಖೆಯವನೇ ಇರಬೇಕು. ಕೇಳಿದ ನಕಲು ಕೊಡಲೂ ಬೇಕು, ಓದಲೂ ಬರಬಾರದು!” ಆದರೆ ನ್ಯಾಯಾಧೀಶರಿಗೆ ಈ ರಸಾಸ್ವಾದವಿರಲಿಲ್ಲ. ಕಂಪ್ಯೂಟರಿಗೆ ಹೊಂದುವ ರೂಪದಲ್ಲಿ ಕೊಡುವವರೆಗೆ ದಿನಕ್ಕೆ 5,000 ಡಾಲರ್ ದಂಡ ಎಂದರು. ಲೆವಿಸನ್ ಬೀಗದ ಕೈ ಒಪ್ಪಿಸಿದರು, ಒಪ್ಪಿಸಿ ಆಗಸ್ಟ್ 8ರಂದು ಅಂಗಡಿಯನ್ನೇ ಮುಚ್ಚಿದರು.

ಇನ್ನೊಂದು ಕಡೆಯ ಮಾತೂ ಇದೆ, ಅದರಲ್ಲಿ ನಗುವಂಥದ್ದೇನೂ ಇಲ್ಲ. 2025ರ ಏಪ್ರಿಲ್‌ನಲ್ಲಿ ನಮ್ಮದೇ ಕರ್ನಾಟಕ ಹೈಕೋರ್ಟು, ಪ್ರೋಟಾನ್ ಮೇಲ್ ಅನ್ನು ಭಾರತದಲ್ಲಿ ತಡೆಯಲು ಕ್ರಮ ಕೈಗೊಳ್ಳುವಂತೆ ಕೇಂದ್ರ ಸರ್ಕಾರಕ್ಕೆ ಹೇಳಿತು. ಕಂಪನಿಯೊಂದರ ಮಹಿಳಾ ಉದ್ಯೋಗಿಯನ್ನು ಗುರಿಯಾಗಿಸಿ ಅಶ್ಲೀಲ ಮೇಲ್‌ಗಳು ಬಂದಿದ್ದವು, ಕಳಿಸಿದವನ ಸುಳಿವು ಸಿಕ್ಕಿರಲಿಲ್ಲ. ಹೋರಾಟಗಾರನ ವಿಳಾಸ ಸಿಕ್ಕಿತು, ಪೀಡಕನದು ಸಿಗಲಿಲ್ಲ ಎಂಬಲ್ಲಿಗೆ ನನ್ನ ತರ್ಕ ಸುಸ್ತಾಗಿ ಕೂತುಬಿಡುತ್ತದೆ. ಹಾಗೆಂದು ಒಬ್ಬ ದುಷ್ಟನಿಗಾಗಿ ಇಡೀ ಅಂಚೆ ಕಚೇರಿಯನ್ನೇ ಮುಚ್ಚುವುದನ್ನೂ ನಾನು ಒಪ್ಪಲಾರೆ.

ಇಷ್ಟೆಲ್ಲ ಆಗಿ, ಬೀಗ ಕೆಲಸ ಮಾಡಬೇಕಾದರೆ ಎರಡೂ ಕಡೆ ಅದಿರಬೇಕು. ನನ್ನದು ಜಿಮೇಲ್. ಚಿಕ್ಕಪ್ಪ ನನಗೆ ಬರೆದದ್ದು ಗೂಗಲ್‌ನ ಅಂಗಳಕ್ಕೆ ಬೆತ್ತಲಾಗಿಯೇ ಬಂದು ಬೀಳುತ್ತದೆ. ಹೊರಗಿನವರಿಗೆ ಕಳಿಸುವಾಗ ಪಾಸ್‌ವರ್ಡ್ ಹಾಕುವ ಸೌಕರ್ಯವೇನೋ ಉಂಟು, ಆದರೆ ಆ ಪಾಸ್‌ವರ್ಡನ್ನು ತಿಳಿಸುವುದು ಹೇಗೆ? ಬ್ಯಾಂಕುಗಳು ಇದನ್ನು ಎಂದೋ ಬಗೆಹರಿಸಿಕೊಂಡಿವೆ. ತಿಂಗಳ ಲೆಕ್ಕದ ಪಿಡಿಎಫ್‌ಗೆ ಬೀಗ ಜಡಿದು, ಅದೇ ಮೇಲ್‌ನಲ್ಲಿ, ಉದಾಹರಣೆ ಸಮೇತ ಬರೆದಿರುತ್ತಾರೆ: ನಿಮ್ಮ ಹೆಸರಿನ ಮೊದಲ ನಾಲ್ಕು ಅಕ್ಷರ, ನಂತರ ನೀವು ಹುಟ್ಟಿದ ದಿನ ಮತ್ತು ತಿಂಗಳು. ಹೆಸರು ವಿಳಾಸದಲ್ಲೇ ಇದೆ. ಹುಟ್ಟಿದ ದಿನಕ್ಕೆ ವರ್ಷವರ್ಷವೂ ಫೇಸ್‌ಬುಕ್‌ನಲ್ಲಿ ಕೇಕಿನ ಚಿತ್ರ ಹಾಕಿ ಶುಭಾಶಯ ಹೇಳುವವರಿದ್ದಾರೆ, ಅವರಿಗೆ ನಾನು ಒಬ್ಬೊಬ್ಬರಿಗೂ ಧನ್ಯವಾದ ಹೇಳುತ್ತೇನೆ.